ಹೆಸರು ಮುಚ್ಚಿ, ಕಾರಣ ತೋರಿಸಿ: ವೆಲ್ಡರ್ ಪರೀಕ್ಷೆಯಲ್ಲಿ ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ವೆಲ್ಡರ್‌ಗಳ ಅರ್ಹತಾ ಪರೀಕ್ಷೆ ನಡೆಸುವ ನಾನು, ಅವರು ಬೆಸೆದು ಫೇಲಾದ ತುಂಡನ್ನು ಅವರ ಕೈಗೇ ಕೊಟ್ಟು ಕಾರಣ ತೋರಿಸುತ್ತೇನೆಂದಾಗ, ದಿನವಿಡೀ ಜಗಳ ಬಿಡಿಸುವುದೇ ಕೆಲಸವಾದೀತೆಂದು ಗುತ್ತಿಗೆದಾರರೂ ಸಹ ಪರೀಕ್ಷಕರೂ ಎಚ್ಚರಿಸಿದ್ದರು. ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ಪರೀಕ್ಷಾರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಮ್ಮಂಥ ಖಾಸಗಿ ಪರೀಕ್ಷೆಗೆ ಆ ಕಾಯ್ದೆಯ ಒತ್ತಾಯವಿಲ್ಲದಿದ್ದರೂ, ವೆಲ್ಡರ್‌ಗೆ ತನ್ನ ತುಂಡೇ ಉತ್ತರಪತ್ರಿಕೆ. ಈಗ ತಕರಾರುಗಳು ಮೂರರಲ್ಲೊಂದು ಪಾಲಿಗೆ ಇಳಿದಿವೆ.

ತುಂಡು ಯಾರದೆಂದು ಪರೀಕ್ಷಕರಿಗೆ ತಿಳಿಯದಿರಲೆಂದು, ಮೊದಲು ಹೆಸರಿನ ಬದಲು ಪೇಂಟಿನಲ್ಲಿ ಅಂಕಿ ಬರೆಸಿದೆ. ಗ್ರೈಂಡರ್ ತಾಗಿದೊಡನೆ ಅಳಿಸಿಹೋಯಿತು. ಬಳಿಕ ಪಂಚ್ ಹೊಡೆಸಿದೆ, ಅದೂ ಸಾಲಲಿಲ್ಲ. 6ಜಿ ಪೈಪಿನ, ಅಂದರೆ 45 ಡಿಗ್ರಿ ಓರೆಯಾಗಿ ಕದಲದಂತೆ ನಿಲ್ಲಿಸಿ ಬೆಸೆದ ಪೈಪಿನ, ಕೊನೆಯ ಪಾಸ್ (ಮೇಲ್ಪದರದ ಬೆಸುಗೆ) ಕಂಡರೆ ಸಾಕು, ಅದು ಯಾರ ಕೈ ಎಂದು ಊರಿನ ಪರೀಕ್ಷಕರು ಹೇಳಿಬಿಡುತ್ತಾರೆ. ಆದ್ದರಿಂದ ಕಣ್ಣಿನ ಪರಿಶೀಲನೆಗೆ ಹುಬ್ಬಳ್ಳಿಯಿಂದ ಒಬ್ಬರನ್ನು ಕರೆಸತೊಡಗಿದೆ. ದಿನಕ್ಕೆ ಎರಡು ಸಾವಿರದ ಹತ್ತಿರ, ಬಸ್ ಚಾರ್ಜು ಬೇರೆ. ಯಾರೂ ಕೊಡಲೊಪ್ಪದೆ ಕೆಲವು ತಿಂಗಳು ನಾನೇ ಭರಿಸಿದೆ. ಬೆಸುಗೆಯಿಂದ ಕತ್ತರಿಸಿದ ಪಟ್ಟಿಯನ್ನು ಬಾಗಿಸಿ ನೋಡುವ ಬೆಂಡ್ ಟೆಸ್ಟಿಗೆ ಈ ತೊಂದರೆಯಿಲ್ಲ, ಎರಡೂ ಬದಿ ಸಮ ಉಜ್ಜಿದ ಪಟ್ಟಿಯಲ್ಲಿ ಕೈಯ ಗುರುತು ಉಳಿಯುವುದಿಲ್ಲ.

ನಿಜವಾದ ಅನ್ಯಾಯ ನುಸುಳುವುದು ಮೂಲೆಯ ಬಿರುಕಿನಲ್ಲಿ. ವೆಲ್ಡರ್ ಅರ್ಹತೆಗೆ ಬಳಸುವ ಅಮೆರಿಕದ ಸಂಹಿತೆ ಎಎಸ್‌ಎಂಇ ಸೆಕ್ಷನ್ 9ರ ಪ್ರಕಾರ ಬಾಗಿಸಿದ ಪಟ್ಟಿಯಲ್ಲಿ 3 ಮಿ.ಮೀ. ಮೀರಿ ಬಿರುಕು ತೆರೆದರೆ ಫೇಲು. ಆದರೆ ಪಟ್ಟಿಯ ಮೂಲೆಯಲ್ಲಿ ತೆರೆದದ್ದನ್ನು, ಸ್ಲ್ಯಾಗ್ (ಬೆಸುಗೆಯೊಳಗೆ ಸಿಕ್ಕಿಬಿದ್ದ ಕಿಟ್ಟ) ಅಥವಾ ಫ್ಯೂಷನ್ ಕೊರತೆ (ಲೋಹ ಪೂರ್ತಿ ಬೆರೆಯದಿರುವುದು) ಇಂಥ ಒಳದೋಷದ ಸ್ಪಷ್ಟ ಕುರುಹಿಲ್ಲದಿದ್ದರೆ, ಲೆಕ್ಕಕ್ಕೆ ಹಿಡಿಯುವಂತಿಲ್ಲ. ಬೇಕಾದವರನ್ನು ದಾಟಿಸಲು, ಬೇಡದವರನ್ನು ತಡೆಯಲು ಇಷ್ಟು ಸಂದು ಸಾಕು. ನಮ್ಮಲ್ಲಿ ಈಗ ಇಬ್ಬರು ಪರೀಕ್ಷಕರು ಪರಸ್ಪರ ನೋಡದೆ ಒಂದು ಸಾಲಿನ ಕಾರಣ ಬರೆದು ಸಹಿ ಹಾಕುತ್ತಾರೆ. ಅಭಿಪ್ರಾಯ ಬೇರೆಯಾದರೆ ಬಿರುಕನ್ನು ವೆಲ್ಡರ್ ಎದುರೇ ಮುರಿದು ನೋಡುತ್ತೇವೆ. ಮುಧೋಳ ಕಡೆಯ ಹಿರಿಯ ವೆಲ್ಡರ್ ಒಬ್ಬರು ಸಿಟ್ಟಿನಿಂದಲೇ ಭೂತಗನ್ನಡಿ ಹಿಡಿದರು. ಮುರಿದ ಮೈಯಲ್ಲಿ ಅಕ್ಕಿಕಾಳಿನಷ್ಟು ಕಪ್ಪು ಗೆರೆಯಿತ್ತು. “ಸ್ಲ್ಯಾಗೇ ಐತ್ರಿ ಸರ್, ಮುಂದಿನ ವಾರ ಬರ್ತೇನ್ರಿ” ಎಂದು ಹೊರಟರು.

ಇದರ ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಹಿಂದೆ ತೀರ್ಪಾದ ಪಟ್ಟಿಗಳಿಗೆ ಹೊಸ ಅಂಕಿ ಹೊಡೆದು ಸೇರಿಸಿದಾಗ, ಹತ್ತರಲ್ಲಿ ಎರಡಕ್ಕೆ ಅದೇ ಪರೀಕ್ಷಕರು ಬೇರೆ ತೀರ್ಪು ಬರೆದಿದ್ದರು. ಹೆಚ್ಚಿನವು ಸಂಜೆ ಟ್ಯೂಬ್‌ಲೈಟಿನಡಿ ನೋಡಿದವು. ಅಂದಿನಿಂದ ಎಲ್ಲವನ್ನೂ ಮಧ್ಯಾಹ್ನದೊಳಗೆ, ಒಂದೇ ದೀಪದಡಿ ನೋಡಿಸುತ್ತೇನೆ. ಯಾವ ಪಟ್ಟಿಯನ್ನು ಎಲ್ಲಿ ಸೇರಿಸುತ್ತೇನೆಂಬುದನ್ನು ಬರೆಯಲಾರೆ, ನಮ್ಮ ಪರೀಕ್ಷಕರೂ ಇದನ್ನು ಓದುತ್ತಾರೆ.

ಒಬ್ಬ ವೆಲ್ಡರ್‌ಗೆ ಇನ್ನೂರು ರೂಪಾಯಿಯಷ್ಟು ಖರ್ಚು ಹೆಚ್ಚಿದೆ. ತಕರಾರಿನಿಂದಾಗುವ ಮರುಪರೀಕ್ಷೆಯ ಪೈಪು, ರಾಡು, ಲ್ಯಾಬ್ ಶುಲ್ಕ ಉಳಿಯುವುದನ್ನು ಕಂಡ ಗುತ್ತಿಗೆದಾರರು, ಸಕ್ಕರೆ ಕಾರ್ಖಾನೆಗಳ ಕಳೆದ ರಿಪೇರಿ ಹಂಗಾಮಿನಿಂದ ಅದನ್ನು ತಾವೇ ಕೊಡುತ್ತಿದ್ದಾರೆ.