‘ನಿಗಾ ಇಡಿ’ ಅಂದರೆ ಓಪಿಡಿಯಲ್ಲಿ ಏನು ಮಾಡಬೇಕು?

ನಾನು ದಾವಣಗೆರೆ ಕಡೆಯ ತಾಲ್ಲೂಕು ಊರೊಂದರಲ್ಲಿ ಮಕ್ಕಳ ಡಾಕ್ಟರ್. 2023ರ ನವೆಂಬರ್ ಕೊನೆಯಲ್ಲಿ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ (ಔಷಧಿಗಳ ಗುಣಮಟ್ಟ, ಅಡ್ಡಪರಿಣಾಮ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ಜ್ವರ, ನೋವಿಗೆ ಕೊಡುವ ಮೆಫೆನಾಮಿಕ್ ಆಸಿಡ್ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅಪರೂಪಕ್ಕೆ ಕೆಲವರಿಗೆ ‘ಡ್ರೆಸ್’ ಅನ್ನುವ ಜೋರಾದ ಅಲರ್ಜಿ ಆಗಬಹುದು, ನಿಗಾ ಇಡಿ, ಕಂಡರೆ ವರದಿ ಮಾಡಿ ಅಂತ. ಬರೆಯಲೇಬೇಡಿ ಅಂತ ಅದರಲ್ಲಿ ಇರಲಿಲ್ಲ.

ಕೆಲವು ದಿನ ಟಿವಿಯಲ್ಲಿ ಅದೇ ಸುದ್ದಿ. ತಾಯಂದಿರು ಕೇಳಿದರು, ನಾವೂ ಮಾತಾಡಿಕೊಂಡೆವು. ಆಮೇಲೆ ಎಲ್ಲ ಡಾಕ್ಟರ್‌ಗಳ ಚೀಟಿಯೂ ಮೊದಲಿನಂತೆಯೇ. ಜ್ವರ, ನೋವಿನ ಇನ್ನೊಂದು ಔಷಧಿ ನಿಮೆಸುಲೈಡ್ ಕಥೆ ಬೇರೆ. 2011ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಅದನ್ನು ನಿಷೇಧ ಮಾಡಿದರು. ನಿಷೇಧಕ್ಕೆ ಅಂಗಡಿಯವರೂ ಹೆದರುತ್ತಾರೆ. ‘ನಿಗಾ ಇಡಿ’ ಅಂದರೆ ಯಾರು ಹೆದರುತ್ತಾರೆ?

ಅದೂ ಅಲ್ಲದೆ, ಡ್ರೆಸ್ ಕಾಣಿಸಿಕೊಳ್ಳುವುದು ಔಷಧಿ ಶುರು ಮಾಡಿದ ಎರಡರಿಂದ ಎಂಟು ವಾರದಲ್ಲಿ. ಜ್ವರ, ದದ್ದು, ಕುತ್ತಿಗೆಯಲ್ಲಿ ಗಂಟು. ಅಷ್ಟರಲ್ಲಿ ಹಳೇ ಸಿರಪ್ ಯಾರ ನೆನಪಿನಲ್ಲೂ ಇರುವುದಿಲ್ಲ. ವೈರಲ್ ಅಂತ ಹೇಳಿ ಅದೇ ಸಿರಪ್ ಮತ್ತೆ ಬರೆದರೂ ಆಶ್ಚರ್ಯವಿಲ್ಲ. ಹಾಗಾಗಿ ದದ್ದು ಬಂದ ಮಗುವಿನ ವಿಷಯದಲ್ಲಿ ಒಂದು ಪ್ರಶ್ನೆ ಕಡ್ಡಾಯ ಮಾಡಿದೆ: “ಎರಡು ತಿಂಗಳಿಂದ ಏನೇನು ಔಷಧಿ ಕೊಟ್ಟಿದ್ದೀರಿ? ಬಾಟಲಿ ಇದ್ದರೆ ತನ್ನಿ.”

ಮೆಫೆನಾಮಿಕ್ ಬರೆಯುವುದನ್ನೇ ಕಡಿಮೆ ಮಾಡಬೇಕಾದರೆ ಮೊದಲು ಪ್ಯಾರಾಸಿಟಮಾಲ್ ಕೆಲಸ ಮಾಡಬೇಕಿತ್ತು. “ಅದರಲ್ಲಿ ಜ್ವರ ಇಳಿಯಲ್ಲ ಮೇಡಂ, ಆ ಇನ್ನೊಂದು ಬರೆದುಕೊಡಿ” ಅನ್ನುವವರ ಮನೆಯ ಅಳತೆ ಕೇಳಿದರೆ, ಹೆಚ್ಚಿನ ಸಲ ಡೋಸೇ ಕಡಿಮೆ ಇರುತ್ತಿತ್ತು. ಕೆಜಿಗೆ 15 ಮಿಗ್ರಾಂ ಲೆಕ್ಕದಲ್ಲಿ 10 ಕೆಜಿ ಮಗುವಿಗೆ 150 ಮಿಗ್ರಾಂ ಬೇಕು. 5 ಎಂಎಲ್‌ಗೆ 125 ಮಿಗ್ರಾಂ ಇರುವ ಸಿರಪ್ ಆದರೆ 6 ಎಂಎಲ್, 250 ಇರುವುದಾದರೆ 3 ಎಂಎಲ್. ಒಂದು ಬಾಟಲಿಯ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ಅರ್ಧ ಡೋಸೋ ದುಪ್ಪಟ್ಟೋ ಆಗಿಬಿಡುತ್ತದೆ. ಈಗ ತೂಕ ನೋಡದೆ ಸಿಸ್ಟರ್ ಚೀಟಿ ಒಳಗೆ ಕಳಿಸುವುದಿಲ್ಲ. ನಾನು ಎಂಎಲ್ ಜೊತೆ ಬಾಟಲಿಯಲ್ಲಿ 5 ಎಂಎಲ್‌ಗೆ ಎಷ್ಟು ಮಿಗ್ರಾಂ ಅನ್ನುವುದನ್ನೂ ದೊಡ್ಡದಾಗಿ ಬರೆಯುತ್ತೇನೆ, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ ಅಂತಲೂ. ಮಗು ಆಡಿಕೊಂಡಿದ್ದರೆ 100 ಡಿಗ್ರಿಗೆಲ್ಲ ಔಷಧಿ ಬೇಡ ಅಂತ ಹೇಳುವುದಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ, ಅಜ್ಜಿ ಜೊತೆಗಿದ್ದರಂತೂ ಇನ್ನೂ!

ಪಕ್ಕದ ಮೆಡಿಕಲ್‌ನವರ ಜೊತೆಗೂ ಕೂತು ಮಾತಾಡಿದೆ. ಪ್ಯಾರಾಸಿಟಮಾಲ್ ಬರೆದರೆ ಅದನ್ನೇ ಕೊಡಿ, ಮೆಫೆನಾಮಿಕ್ ಸೇರಿಸಿದ ಸಿರಪ್ ಬದಲಿಗೆ ಕೊಡಬೇಡಿ ಅಂತ. ಅವರು ಒಪ್ಪಿದ್ದು ಸರ್ಕಾರದ ಎಚ್ಚರಿಕೆ ನೋಡಿ ಅಲ್ಲ. ನಾನು ಬರೆಯದೇ ಇದ್ದರೆ ಆ ಸ್ಟಾಕ್ ಸುಮ್ನೆ ಕೂರುತ್ತದೆ, ಅಷ್ಟೇ.

ಮುಟ್ಟಿನ ನೋವಿಗೆ ಇದೇ ಮೆಫೆನಾಮಿಕ್ ಮಾತ್ರೆ ತೆಗೆದುಕೊಳ್ಳುವ ಹುಡುಗಿಯರ ವಿಷಯದಲ್ಲಿ ಮಾತ್ರ ನನ್ನ ಕೈಯಲ್ಲಿ ಏನೂ ಆಗಿಲ್ಲ. ಅವರು ನೇರ ಕೌಂಟರಿಗೆ ಹೋಗುತ್ತಾರೆ. ಚೀಟಿ ಯಾರೂ ಕೇಳುವುದಿಲ್ಲ.