ಒಂದು ಕಾನೂನು ಜರ್ನಲ್‌ನ ಸಂಶೋಧನಾ ಒಲವು ಮತ್ತು ಸೈಟೇಶನ್ ಲೆಕ್ಕ: ಮಾಡೋದು ಹೇಗೆ?

ಕಾನೂನಿನಲ್ಲಿ ಪಿಎಚ್‌ಡಿ ಮಾಡುವವರು, ಲೈಬ್ರರಿ ಸೈನ್ಸ್‌ನವರು, ಜರ್ನಲ್‌ಗಳ ಸಂಪಾದಕ ಮಂಡಳಿಯಲ್ಲಿ ಇರುವವರು ಒಂದಲ್ಲ ಒಂದು ದಿನ ಈ ಕೆಲಸಕ್ಕೆ ಕೈ ಹಾಕುತ್ತಾರೆ. ಒಂದು ಕಾನೂನು ಜರ್ನಲ್ ಹಿಡಿದು, ಹತ್ತಿಪ್ಪತ್ತು ವರ್ಷಗಳಲ್ಲಿ ಅದರಲ್ಲಿ ಯಾವ ವಿಷಯದ ಮೇಲೆ ಜಾಸ್ತಿ ಬರೆದರು, ಯಾರು ಬರೆದರು, ಅದನ್ನು ಬೇರೆಯವರು ಎಷ್ಟು ಉಲ್ಲೇಖಿಸಿದರು ಅಂತ ಲೆಕ್ಕ ಹಾಕೋದು. ಸಾಫ್ಟ್‌ವೇರ್ ಇದೆ, ಬೇಗನೇ ಬಣ್ಣಬಣ್ಣದ ನಕ್ಷೆ ಬಂದುಬಿಡುತ್ತದೆ. ಆದರೆ ವೈದ್ಯಕೀಯಕ್ಕೋ ಎಂಜಿನಿಯರಿಂಗ್‌ಗೋ ಹೊಂದುವ ವಿಧಾನವನ್ನು ಹಾಗೇ ಎತ್ತಿ ಕಾನೂನಿಗೆ ಹಚ್ಚಿದರೆ ಲೆಕ್ಕ ಹಳ್ಳ ಹಿಡಿಯುತ್ತದೆ. ಕಾನೂನು ಲೇಖನವನ್ನು ಉಲ್ಲೇಖಿಸುವುದು ಅಡಿಟಿಪ್ಪಣಿಗಳಲ್ಲಿ, ಪುಸ್ತಕಗಳಲ್ಲಿ, ಕೋರ್ಟ್ ತೀರ್ಪುಗಳಲ್ಲಿ. ಈ ಮೂರನ್ನೂ ಡೇಟಾಬೇಸ್‌ಗಳು ಅರ್ಧಂಬರ್ಧ ಹಿಡಿಯುತ್ತವೆ, ಉಳಿದದ್ದನ್ನು ನಾವೇ ಹಿಡಿಯಬೇಕು.

ಬೇಸರದ ವಿಷಯ ಏನೆಂದರೆ, ಸೈಟೇಶನ್ ಲೆಕ್ಕ, ಅಂದರೆ ಯಾರು ಯಾರನ್ನು ಉಲ್ಲೇಖಿಸಿದರು ಎಂದು ಎಣಿಸುವುದು, ಹುಟ್ಟಿದ್ದೇ ಕಾನೂನಿನಲ್ಲಿ. 1873ರಲ್ಲಿ ಅಮೆರಿಕದ ಫ್ರಾಂಕ್ ಶೆಪರ್ಡ್ ಎಂಬವರು, ಒಂದು ತೀರ್ಪನ್ನು ಮುಂದೆ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂದು ಪಟ್ಟಿ ಮಾಡಿ ವಕೀಲರಿಗೆ ಕೊಡಲು ಶುರು ಮಾಡಿದರು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ವಿಜ್ಞಾನಕ್ಕೂ ಇಂಥದ್ದೊಂದು ಸೂಚಿ ಬೇಕು ಎಂದು ಬರೆದರು, 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಬಂತು. ಇವತ್ತಿನ ವೆಬ್ ಆಫ್ ಸೈನ್ಸ್ ಎಂಬ ಡೇಟಾಬೇಸ್ ಬೆಳೆದಿದ್ದು ಅದರಿಂದ. ಈಗ ಅದೇ ವಿಧಾನ ಕಾನೂನಿಗೆ ವಾಪಸ್ ಬರುವಾಗ ಸರಿಯಾಗಿ ಕೂರುತ್ತಿಲ್ಲ.

ಮೊದಲು ಪ್ರಶ್ನೆ ಬರೆದಿಟ್ಟುಕೊಳ್ಳಿ

"ಒಲವು ಏನು" ಅನ್ನೋದು ತುಂಬಾ ಸಡಿಲವಾದ ಪ್ರಶ್ನೆ. "ಪ್ಯಾರಿಸ್ ಒಪ್ಪಂದ ಆದ 2015ರ ನಂತರ ಈ ಜರ್ನಲ್‌ನಲ್ಲಿ ಹವಾಮಾನದ ಬಗ್ಗೆ ಲೇಖನಗಳ ಪಾಲು ಹೆಚ್ಚಾಯಿತಾ?" ಅಂತ ಕೇಳಿದರೆ ಉತ್ತರ ಹುಡುಕಬಹುದು. ಇಂಥ ಎರಡು ಮೂರು ಪ್ರಶ್ನೆ ಸಾಕು. ಪ್ರಶ್ನೆ ಇಲ್ಲದೆ ಡೇಟಾ ಇಳಿಸಿಕೊಂಡವರು ಕೊನೆಗೆ ಸಾಫ್ಟ್‌ವೇರ್ ಕೊಟ್ಟ ಎಲ್ಲಾ ಚಾರ್ಟನ್ನೂ ಸುಮ್ನೆ ಅಂಟಿಸುತ್ತಾರೆ. ಓದುವವರಿಗೆ ಅದರಿಂದ ಏನೂ ಸಿಗುವುದಿಲ್ಲ.

ಡೇಟಾ ಎಲ್ಲಿಂದ ತರೋದು

ಲೇಖನ ಮತ್ತು ಉಲ್ಲೇಖಗಳ ಡೇಟಾಬೇಸ್‌ಗಳಾದ ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್‌ಗೆ ಸಂಸ್ಥೆಯ ಚಂದಾ ಬೇಕು. 2022ರಲ್ಲಿ ಶುರುವಾದ ಓಪನ್‌ಅಲೆಕ್ಸ್‌ನ ಡೇಟಾ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಹಳೆಯ ಕಾನೂನು ಜರ್ನಲ್‌ಗಳು ಬೇಕಾದರೆ ಹೈನ್‌ಆನ್‌ಲೈನ್‌ಗೆ ಸಾಟಿ ಇಲ್ಲ, ಮೊದಲ ಸಂಪುಟದಿಂದಲೇ ಪುಟಗಳ ಸ್ಕ್ಯಾನ್ ಸಿಗುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಸಂಖ್ಯೆ ಸಾಮಾನ್ಯವಾಗಿ ದೊಡ್ಡದಾಗಿಯೇ ಬರುತ್ತದೆ. ಪುಸ್ತಕ, ಪ್ರಬಂಧ, ಕರಡು ಎಲ್ಲವನ್ನೂ ಅದು ಎಣಿಸುತ್ತದೆ, ಒಂದನ್ನೇ ಎರಡು ಸಲ ಎಣಿಸುವುದೂ ಉಂಟು. ನನ್ನ ಸಲಹೆ: ಒಂದನ್ನು ಮುಖ್ಯ ಮೂಲ ಮಾಡಿಕೊಳ್ಳಿ, ಇನ್ನೊಂದನ್ನು ತಾಳೆ ನೋಡಲು ಇಟ್ಟುಕೊಳ್ಳಿ. ಎರಡರ ಸಂಖ್ಯೆಗಳನ್ನು ಮಾತ್ರ ಯಾವತ್ತೂ ಕೂಡಿಸಬೇಡಿ.

ಹುಡುಕುವಾಗ ಜರ್ನಲ್ ಹೆಸರಿಗಿಂತ ಐಎಸ್‌ಎಸ್‌ಎನ್ (ಜರ್ನಲ್‌ಗೆ ಕೊಡುವ ಗುರುತಿನ ಸಂಖ್ಯೆ) ನಂಬಿ. ಕಾನೂನು ಜರ್ನಲ್‌ಗಳ ಹೆಸರು ಒಂದಕ್ಕೊಂದು ಹೋಲುತ್ತವೆ, ಎಲ್ಲದರಲ್ಲೂ "ಲಾ ರಿವ್ಯೂ" ಇರುತ್ತದೆ ಅಲ್ವಾ. ಅಚ್ಚಿನ ಪ್ರತಿಗೊಂದು, ಆನ್‌ಲೈನ್ ಪ್ರತಿಗೊಂದು ಐಎಸ್‌ಎಸ್‌ಎನ್ ಇರಬಹುದು, ಎರಡನ್ನೂ ಹಾಕಿ. ಹೆಸರು ಬದಲಾದ ಇತಿಹಾಸವನ್ನೂ ನೋಡಿ. ಈಗ ಜರ್ನಲ್ ಆಫ್ ಕ್ರಿಮಿನಲ್ ಲಾ ಅಂಡ್ ಕ್ರಿಮಿನಾಲಜಿ ಎಂದು ಬರುತ್ತಿರುವುದು 1910ರಲ್ಲಿ ಶುರುವಾದಾಗ ಹೆಸರಿನಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಕೂಡ ಸೇರಿತ್ತು, ಮುಂದೆ ಒಂದು ಕಾಲಕ್ಕೆ ಪೊಲೀಸ್ ಸೈನ್ಸ್ ಕೂಡ ಸೇರಿತು. ಇಂಥ ಬದಲಾವಣೆ ಗಮನಿಸದಿದ್ದರೆ ದಶಕಗಳಷ್ಟು ಲೇಖನಗಳೇ ಕೈಬಿಟ್ಟು ಹೋಗುತ್ತವೆ.

ಡೇಟಾ ಇಳಿಸಿದ ದಿನಾಂಕ ಬರೆದಿಡಿ. ಸೈಟೇಶನ್ ಸಂಖ್ಯೆ ದಿನವೂ ಬದಲಾಗುತ್ತದೆ, ದಿನಾಂಕ ಇಲ್ಲದ ಸಂಖ್ಯೆಯನ್ನು ಮತ್ತೊಬ್ಬರು ಪರೀಕ್ಷಿಸಲು ಆಗುವುದಿಲ್ಲ.

ಸ್ವಚ್ಛ ಮಾಡೋದೇ ಅರ್ಧ ಕೆಲಸ

ಮೊದಲು, ಏನನ್ನು ಲೇಖನ ಎಂದು ಎಣಿಸುತ್ತೀರಿ ಎಂದು ತೀರ್ಮಾನಿಸಿ. ಕಾನೂನು ಜರ್ನಲ್‌ನಲ್ಲಿ ಪೂರ್ಣ ಲೇಖನ, ತೀರ್ಪಿನ ಟಿಪ್ಪಣಿ, ಶಾಸನದ ಟಿಪ್ಪಣಿ, ಪುಸ್ತಕ ವಿಮರ್ಶೆ, ಸಂಪಾದಕೀಯ ಎಲ್ಲಾ ಇರುತ್ತವೆ. ಡೇಟಾಬೇಸ್ ಹಾಕಿದ ವರ್ಗವನ್ನು ಕಣ್ಣುಮುಚ್ಚಿ ಒಪ್ಪಬೇಡಿ. ನೂರಕ್ಕಿಂತ ಜಾಸ್ತಿ ಉಲ್ಲೇಖ ಇರುವ ಲೇಖನವನ್ನು ವೆಬ್ ಆಫ್ ಸೈನ್ಸ್ "ರಿವ್ಯೂ" ಗುಂಪಿಗೆ ಹಾಕುವ ಪದ್ಧತಿ ಬಹಳ ಕಾಲ ಇತ್ತು. ಕಾನೂನು ಲೇಖನಗಳಲ್ಲಿ ನೂರಿನ್ನೂರು ಅಡಿಟಿಪ್ಪಣಿ ಸಾಮಾನ್ಯ, ಹಾಗಾಗಿ "ಆರ್ಟಿಕಲ್" ಎಂದು ಮಾತ್ರ ಫಿಲ್ಟರ್ ಹಾಕಿದರೆ ಜರ್ನಲ್‌ನ ಒಳ್ಳೊಳ್ಳೆ ಲೇಖನಗಳೇ ಜಾರಿ ಹೋಗಬಹುದು.

ಆಮೇಲೆ ಉಲ್ಲೇಖಗಳ ಪಟ್ಟಿ. ಇಲ್ಲಿ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 1890ರಲ್ಲಿ ವಾರೆನ್ ಮತ್ತು ಬ್ರಾಂಡೈಸ್ ಹಾರ್ವರ್ಡ್ ಲಾ ರಿವ್ಯೂನಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಬರೆದ ಲೇಖನ ನಾಲ್ಕನೇ ಸಂಪುಟದ 193ನೇ ಪುಟದಿಂದ ಶುರುವಾಗುತ್ತದೆ. ಒಬ್ಬ ಲೇಖಕ ಅಡಿಟಿಪ್ಪಣಿಯಲ್ಲಿ "4 ಹಾರ್ವ್. ಎಲ್. ರೆವ್. 193" ಎಂದು ಬರೆಯುತ್ತಾರೆ. ಇನ್ನೊಬ್ಬರು ಒಂದು ನಿರ್ದಿಷ್ಟ ಮಾತನ್ನು ತೋರಿಸಲು "193, 195" ಎನ್ನುತ್ತಾರೆ. ಮತ್ತೊಬ್ಬರು ಜರ್ನಲ್ ಹೆಸರನ್ನು ಪೂರ್ತಿ ಬರೆದು ವರ್ಷವನ್ನು 1890-91 ಎಂದು ಹಾಕುತ್ತಾರೆ. ಯಂತ್ರಕ್ಕೆ ಇವು ಮೂರು ಬೇರೆ ಬೇರೆ ಲೇಖನಗಳಾಗಿ ಕಾಣಬಹುದು. ಅದೇ ಲೇಖನದಲ್ಲಿ ಮುಂದೆ "ಮೇಲಿನ ಟಿಪ್ಪಣಿ 12 ನೋಡಿ" ಎಂದು ಹತ್ತು ಸಲ ಬಂದಿದ್ದರೆ ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಇದಕ್ಕೆ ದಾರಿ ಕಾನೂನಿನ ಪದ್ಧತಿಯಲ್ಲೇ ಇದೆ. ಜರ್ನಲ್ ಹೆಸರು, ಸಂಪುಟ, ಮೊದಲ ಪುಟ, ಈ ಮೂರು ಸೇರಿದರೆ ಒಂದು ಲೇಖನಕ್ಕೆ ಗುರುತಿನ ಸಂಖ್ಯೆ ಇದ್ದ ಹಾಗೆ. ಹಳೆಯ ಲೇಖನಗಳಲ್ಲಿ ಎಷ್ಟೋ ಸಲ ಡಿಒಐ (ಪ್ರತಿ ಲೇಖನಕ್ಕೆ ಕೊಡುವ ಡಿಜಿಟಲ್ ಗುರುತು) ಇರುವುದಿಲ್ಲ. ಹಾಗಾಗಿ ಶೀಟ್‌ನಲ್ಲಿ ಈ ಮೂರನ್ನು ಸೇರಿಸಿ ಒಂದು ಕಾಲಂ ಮಾಡಿ, ಅದರ ಮೇಲೆ ವಿಂಗಡಿಸಿ, ನಕಲುಗಳನ್ನು ಒಂದಾಗಿಸಿ. ಸಾವಿರಾರು ಸಾಲು ಇದ್ದರೆ ಓಪನ್‌ರಿಫೈನ್ ಎಂಬ ಉಚಿತ ಸಾಧನ ಹತ್ತಿರಹತ್ತಿರದ ಹೆಸರುಗಳನ್ನು ಗುಂಪು ಮಾಡಿ ತೋರಿಸುತ್ತದೆ, ಸೇರಿಸಬೇಕೋ ಬೇಡವೋ ಎಂದು ನೀವು ಹೇಳಿದರೆ ಆಯಿತು. ಲೇಖಕರ ಹೆಸರಿಗೂ ಇದೇ ಕೆಲಸ. ಇನಿಶಿಯಲ್ ಮುಂದೆ ಹಿಂದೆ ಆದರೆ ಒಬ್ಬರೇ ಇಬ್ಬರಾಗುತ್ತಾರೆ, ಹೆಸರು ಒಂದೇ ಆದರೆ ಇಬ್ಬರು ಒಬ್ಬರಾಗುತ್ತಾರೆ. ಆರ್ಕಿಡ್, ಅಂದರೆ ಪ್ರತಿ ಸಂಶೋಧಕರಿಗೆ ಸಿಗುವ ಪ್ರತ್ಯೇಕ ಗುರುತಿನ ಸಂಖ್ಯೆ, ಇದ್ದರೆ ಅದನ್ನೇ ಹಿಡಿಯಿರಿ.

ಇಳಿಸಿದ ಮೂಲ ಫೈಲನ್ನು ಮುಟ್ಟಬೇಡಿ. ತಿದ್ದುವುದೆಲ್ಲಾ ಅದರ ಪ್ರತಿಯಲ್ಲಿ.

ಒಲವು ನೋಡೋದು

ಎಲ್ಲರೂ ಮೊದಲು ಕೀವರ್ಡ್‌ಗೆ ಹೋಗುತ್ತಾರೆ. ಕಾನೂನಿನಲ್ಲಿ ತೊಡಕು ಏನೆಂದರೆ ಬಹಳಷ್ಟು ಲಾ ರಿವ್ಯೂ ಲೇಖನಗಳಿಗೆ, ಅದರಲ್ಲೂ ಹಳೆಯವಕ್ಕೆ, ಲೇಖಕರು ಕೊಟ್ಟ ಕೀವರ್ಡ್ ಇರುವುದಿಲ್ಲ, ಸಾರಾಂಶವೂ ಇರುವುದಿಲ್ಲ. ಕೀವರ್ಡ್ ಇರುವ ಲೇಖನಗಳಿಂದ ಮಾತ್ರ ನಕ್ಷೆ ಮಾಡಿದರೆ ಇತ್ತೀಚಿನ ವರ್ಷಗಳ ಚಿತ್ರ ಸಿಗುತ್ತದೆ, ಅದನ್ನು ಇಡೀ ಜರ್ನಲ್‌ನ ಚಿತ್ರ ಎಂದು ಹೇಳಿದ ಹಾಗಾಗುತ್ತದೆ. ಆದ್ದರಿಂದ ಮುನ್ನೂರು ನಾನೂರು ಲೇಖನಗಳಾದರೆ ಕೈಯಿಂದಲೇ ವಿಷಯ ಗುರುತಿಸಿ ಅಂತ ನಾನು ಹೇಳುತ್ತೇನೆ. ಶೀರ್ಷಿಕೆ, ಪೀಠಿಕೆ ಓದಿ ಸಂವಿಧಾನ, ಅಪರಾಧ, ಕಂಪನಿ, ಪರಿಸರ, ತಂತ್ರಜ್ಞಾನ ಹೀಗೆ ಒಂದು ಮುಖ್ಯ ವಿಷಯ ಕೊಡಿ, ಬೇಕಿದ್ದರೆ ಎರಡನೆಯದೂ ಕೊಡಿ. ಇಬ್ಬರು ಸೇರಿ ಮೊದಲ ಐವತ್ತು ಲೇಖನಗಳನ್ನು ಪ್ರತ್ಯೇಕವಾಗಿ ಗುರುತಿಸಿ ಹೋಲಿಸಿ ನೋಡಿ, ಕೋಹೆನ್ಸ್ ಕಪ್ಪಾ (ಇಬ್ಬರ ಗುರುತುಗಳು ಎಷ್ಟು ಹೊಂದುತ್ತವೆ ಎಂದು ಹೇಳುವ ಅಳತೆ) ಲೆಕ್ಕ ಹಾಕಿ. ಹೊಂದಾಣಿಕೆ ಕಡಿಮೆ ಬಂದರೆ ವರ್ಗಗಳೇ ಸ್ಪಷ್ಟವಾಗಿಲ್ಲ ಎಂದರ್ಥ, ಅವನ್ನು ಸರಿಮಾಡಿ ಮುಂದೆ ಹೋಗಿ.

ಎಣಿಸುವಾಗ ಸಂಖ್ಯೆಗಿಂತ ಪಾಲು ನೋಡಿ. ಜರ್ನಲ್ ಮೊದಲು ವರ್ಷಕ್ಕೆ 20 ಲೇಖನ ಹಾಕುತ್ತಿತ್ತು, ಅದರಲ್ಲಿ 4 ಪರಿಸರದ ಮೇಲೆ. ಈಗ 60 ಹಾಕುತ್ತದೆ, 9 ಪರಿಸರದ ಮೇಲೆ. ಸಂಖ್ಯೆ ದುಪ್ಪಟ್ಟಿಗಿಂತ ಜಾಸ್ತಿ ಆಯಿತು, ಪಾಲು ಮಾತ್ರ ಶೇ. 20ರಿಂದ ಶೇ. 15ಕ್ಕೆ ಇಳಿಯಿತು. "ಪರಿಸರದ ಬಗ್ಗೆ ಆಸಕ್ತಿ ಏರಿದೆ" ಎಂದು ಬರೆಯುವ ಮುಂಚೆ ಇದನ್ನು ನೋಡಲೇಬೇಕು.

ಕಾಲವನ್ನು ಹತ್ತತ್ತು ವರ್ಷಕ್ಕೆ ತುಂಡು ಮಾಡುವುದಕ್ಕಿಂತ ಕಾನೂನು ಬದಲಾದ ವರ್ಷಕ್ಕೆ ತುಂಡು ಮಾಡಿ. ಯುರೋಪಿನ ಡೇಟಾ ರಕ್ಷಣೆ ಕಾನೂನಾದ ಜಿಡಿಪಿಆರ್ 2016ರಲ್ಲಿ ಅಂಗೀಕಾರವಾಗಿ 2018ರ ಮೇ ತಿಂಗಳಿಂದ ಜಾರಿಗೆ ಬಂತು. ಡೇಟಾ ರಕ್ಷಣೆಯ ಲೇಖನಗಳನ್ನು ನೋಡುವವರು 2010-2019 ಎಂದು ಒಂದೇ ಕಂತು ಮಾಡಿದರೆ ಆ ತಿರುವು ಕಾಣುವುದೇ ಇಲ್ಲ. ಸಂಚಿಕೆಯ ಪಟ್ಟಿಯನ್ನೂ ಒಮ್ಮೆ ತೆರೆದು ನೋಡಿ, ವಿಶೇಷ ಸಂಚಿಕೆ ಒಂದು ಬಂದಿದ್ದರೆ ಆ ವರ್ಷ ಗ್ರಾಫ್ ಸುಮ್ಮನೆ ಮೇಲೆದ್ದಿರುತ್ತದೆ.

ಪ್ರಭಾವ ಅಳೆಯೋದು

ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದ್ದು. ಸ್ಕೋಪಸ್‌ನ ಸೈಟ್‌ಸ್ಕೋರ್ ನಾಲ್ಕು ವರ್ಷ ನೋಡುತ್ತದೆ. ಕಾನೂನಿಗೆ ಎರಡು ವರ್ಷ ಏನೇನೂ ಸಾಲದು. 2012ರಲ್ಲಿ ಪ್ರಕಟವಾದ, ಅತಿ ಹೆಚ್ಚು ಉಲ್ಲೇಖಗೊಂಡ ಲಾ ರಿವ್ಯೂ ಲೇಖನಗಳ ಪಟ್ಟಿಯಲ್ಲಿ ಮೊದಲನೆಯದು ರೊನಾಲ್ಡ್ ಕೋಸ್ ಅವರ 1960ರ ಲೇಖನ, ಎರಡನೆಯದು ಅದೇ ವಾರೆನ್-ಬ್ರಾಂಡೈಸ್ ಲೇಖನ. ನೂರು ವರ್ಷ ದಾಟಿದರೂ ಜನ ಅದನ್ನು ಬಿಟ್ಟಿಲ್ಲ.

ಹಾಗಾಗಿ ಪ್ರತಿ ಲೇಖನಕ್ಕೂ ಪ್ರಕಟವಾದ ಮೇಲಿನ ಐದು ವರ್ಷದ ಉಲ್ಲೇಖ ಎಂದು ಸಮಾನ ಅವಧಿ ಇಟ್ಟುಕೊಳ್ಳಿ, ಆಗ 2008ರ ಲೇಖನವನ್ನೂ 2016ರದ್ದನ್ನೂ ಹೋಲಿಸಬಹುದು. ಸರಾಸರಿಯ ಜೊತೆ ಮಧ್ಯಾಂಕವನ್ನೂ (ಸಾಲಾಗಿ ಇಟ್ಟಾಗ ನಡುವೆ ಬರುವ ಸಂಖ್ಯೆ) ಕೊಡಿ. ಐದು ಲೇಖನಗಳಿಗೆ 40, 9, 6, 4, 2 ಉಲ್ಲೇಖ ಇದೆ ಎನ್ನಿ. ಸರಾಸರಿ 12.2, ಆದರೆ ನಾಲ್ಕು ಲೇಖನಗಳು ಅದಕ್ಕಿಂತ ಕೆಳಗಿವೆ! ಮಧ್ಯಾಂಕ 6, ಎಚ್-ಇಂಡೆಕ್ಸ್ 4, ಅಂದರೆ ಕನಿಷ್ಠ ನಾಲ್ಕು ಉಲ್ಲೇಖ ಇರುವ ಲೇಖನಗಳು ನಾಲ್ಕಿವೆ. ಒಂದೂ ಉಲ್ಲೇಖ ಸಿಗದ ಲೇಖನಗಳು ಶೇಕಡಾ ಎಷ್ಟು ಅನ್ನೋದನ್ನೂ ಹೇಳಿ, ಸಂಪಾದಕರಿಗೆ ಇದು ಕಹಿ ಆದರೂ ಬೇಕಾದ ಸಂಖ್ಯೆ. ಜರ್ನಲ್ ತನ್ನನ್ನು ತಾನೇ ಉಲ್ಲೇಖಿಸಿದ್ದನ್ನು ಕಳೆದು ಇನ್ನೊಮ್ಮೆ ಲೆಕ್ಕ ಹಾಕಿ, ಎರಡನ್ನೂ ಅಕ್ಕಪಕ್ಕ ಇಡಿ.

ಕೋರ್ಟ್‌ಗಳನ್ನು ಮರೆಯಬೇಡಿ. ಭಾರತದ ಸುಪ್ರೀಂ ಕೋರ್ಟ್ 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಾಗ ಆ 1890ರ ಲೇಖನವನ್ನು ಚರ್ಚಿಸಿತು. ಒಂದು ಲೇಖನಕ್ಕೆ ಇದಕ್ಕಿಂತ ದೊಡ್ಡ ಪ್ರಭಾವ ಏನಿದೆ? ಸ್ಕೋಪಸ್ ಸಂಖ್ಯೆಯಲ್ಲಿ ಇದು ಬರುವುದಿಲ್ಲ. ತೀರ್ಪುಗಳ ಡೇಟಾಬೇಸ್‌ನಲ್ಲಿ ಜರ್ನಲ್‌ನ ಪೂರ್ಣ ಹೆಸರು, ಚಿಕ್ಕ ಹೆಸರು, ಚುಕ್ಕಿ ಇರುವ ಮತ್ತು ಇಲ್ಲದ ರೂಪ ಎಲ್ಲಾ ಹಾಕಿ ಹುಡುಕಿ, ಬಂದದ್ದನ್ನು ಪ್ರತ್ಯೇಕ ಕಾಲಂನಲ್ಲಿ ಇಡಿ. ನ್ಯಾಯಾಧೀಶರು ಅದನ್ನು ಒಪ್ಪಿದರಾ, ವಕೀಲರ ವಾದದ ಭಾಗವಾಗಿ ಮಾತ್ರ ಬಂತಾ ಅನ್ನೋದನ್ನೂ ಗುರುತು ಮಾಡಿ.

ಕಾನೂನಿನ ಅಡಿಟಿಪ್ಪಣಿಯಲ್ಲಿ ನನಗೆ ತುಂಬಾ ಇಷ್ಟದ ಗುಣ ಒಂದಿದೆ. ಉಲ್ಲೇಖ ಬರೆಯುವ ನಿಯಮಗಳಾದ ಅಮೆರಿಕದ ಬ್ಲೂಬುಕ್ ಪದ್ಧತಿಯಲ್ಲಿ ಉಲ್ಲೇಖದ ಮುಂಚೆ "ಸೀ", "ಸೀ ಆಲ್ಸೊ", "ಬಟ್ ಸೀ" ಎಂಬ ಸೂಚನೆ ಪದಗಳನ್ನು ಹಾಕುತ್ತಾರೆ. "ಬಟ್ ಸೀ" ಇದ್ದರೆ ಆ ಲೇಖನ ಇಲ್ಲಿನ ವಾದಕ್ಕೆ ವಿರುದ್ಧ ಇದೆ ಎಂದರ್ಥ. "ಸೀ ಆಲ್ಸೊ" ಎಂದು ಎಂಟು ಲೇಖನ ಸಾಲಾಗಿ ಇದ್ದರೆ, ಅದರಲ್ಲಿ ಆರನೆಯದಾಗಿ ಬಂದದ್ದಕ್ಕೆ ಹೆಚ್ಚು ತೂಕ ಕೊಡಬೇಕಾಗಿಲ್ಲ. ಟಾಪ್ ಹತ್ತು ಲೇಖನಗಳಿಗಾದರೂ, ಪ್ರತಿಯೊಂದಕ್ಕೆ ಇಪ್ಪತ್ತು ಉಲ್ಲೇಖಗಳನ್ನು ತೆರೆದು ಓದಿ. ಒಪ್ಪಿ ಬಳಸಿದ್ದು, ತಕರಾರು ಮಾಡಿದ್ದು, ಸಾಲಿನಲ್ಲಿ ಸೇರಿಸಿದ್ದು ಎಂದು ಮೂರು ಗುರುತು ಹಾಕಿ. ನಿಮ್ಮ ಅಧ್ಯಯನದಲ್ಲಿ ಜನ ನಿಂತು ಓದುವುದು ಈ ಭಾಗವನ್ನೇ.

ಹೋಲಿಕೆ ಮಾಡುವಾಗ ಅದೇ ದೇಶದ, ಅದೇ ಬಗೆಯ ಜರ್ನಲ್ ಆರಿಸಿ. ಒಂದು ದೇಶದ ಬಾಡಿಗೆ ಕಾನೂನಿನ ಬಗ್ಗೆ ಬರೆದದ್ದನ್ನು ಇನ್ನೊಂದು ದೇಶದವರು ಯಾಕೆ ಉಲ್ಲೇಖಿಸುತ್ತಾರೆ?

ನಕ್ಷೆ ಮತ್ತು ಬರವಣಿಗೆ

ನಕ್ಷೆ ಮಾಡುವ ವಿಒಎಸ್‌ವ್ಯೂವರ್ ಸಾಫ್ಟ್‌ವೇರ್ ಉಚಿತ, ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಿಬ್ಲಿಯೋಮೆಟ್ರಿಕ್ಸ್ ಕೂಡ ಉಚಿತ. ಅದರ ಬಿಬ್ಲಿಯೋಶೈನಿ ಬಳಸಿದರೆ ಕೋಡ್ ಬರೆಯುವ ಅಗತ್ಯ ಇಲ್ಲ. ವಿಒಎಸ್‌ವ್ಯೂವರ್‌ಗೆ ಒಂದು ಥೆಸಾರಸ್ ಫೈಲ್ ಕೊಡಬಹುದು, ಎರಡೇ ಕಾಲಂ, ಎಡಕ್ಕೆ ಸಿಕ್ಕಿದ ಪದ, ಬಲಕ್ಕೆ ಅದರ ಬದಲು ಬೇಕಾದ ಪದ. "ಡೇಟಾ ಪ್ರೈವಸಿ", "ಇನ್ಫರ್ಮೇಶನ್ ಪ್ರೈವಸಿ" ಎರಡನ್ನೂ ಒಂದೇ ಮಾಡಬೇಕಾ ಅನ್ನೋದು ಕಾನೂನು ಗೊತ್ತಿರುವವರು ತೀರ್ಮಾನಿಸಬೇಕಾದ ಮಾತು. ಕನಿಷ್ಠ ಎಷ್ಟು ಸಲ ಬಂದ ಪದವನ್ನು ತೆಗೆದುಕೊಂಡಿರಿ ಅನ್ನೋದನ್ನು ನಕ್ಷೆಯ ಕೆಳಗೇ ಬರೆಯಿರಿ. ಒಂದು ನಕ್ಷೆಗೆ ಒಂದು ಪ್ಯಾರಾ ವಿವರಣೆ ಕೊಡಲು ಆಗದಿದ್ದರೆ ಆ ನಕ್ಷೆ ತೆಗೆದುಬಿಡಿ.

ವರದಿಯಲ್ಲಿ ಹುಡುಕಿದ ಸೂತ್ರ, ದಿನಾಂಕ, ಬಿಟ್ಟ ಬರಹಗಳ ಬಗೆ ಮತ್ತು ಸಂಖ್ಯೆ, ವಿಷಯ ವಿಂಗಡಣೆಯ ನಿಯಮ ಎಲ್ಲಾ ಇರಲಿ. ಸ್ವಚ್ಛ ಮಾಡಿದ ಶೀಟನ್ನೂ ಜೊತೆಗೆ ಕೊಡಿ. ಡೇಟಾಬೇಸ್ ಚಂದಾದ್ದಾದರೆ ಹಂಚಿಕೊಳ್ಳಲು ಅನುಮತಿ ಎಷ್ಟಿದೆ ಎಂದು ಲೈಬ್ರರಿಯವರನ್ನು ಕೇಳಿ. ಕಳಿಸುವ ಮುಂಚೆ ಟಾಪ್ ಹತ್ತರ ಪಟ್ಟಿ ಹಿಡಿದು, ಪ್ರತಿ ಲೇಖನದ ಮೊದಲ ಪುಟ ತೆರೆದು, ಲೇಖಕರ ಹೆಸರು, ವರ್ಷ, ಸಂಪುಟ, ಪುಟ ನಿಮ್ಮ ಕಣ್ಣಿನಿಂದಲೇ ತಾಳೆ ನೋಡಿ.