ಪಾಳುಬಿದ್ದ ಕ್ವಾರ್ಟರ್ಸಿನ ಚರಿತ್ರೆ ಹುಡುಕುವ ಬಗೆ

ನಾನು ಬೆಳೆದದ್ದು ಮಂಡ್ಯದ ಒಂದು ಕಾರ್ಮಿಕರ ಕ್ವಾರ್ಟರ್ಸಿನಲ್ಲಿ. ಎರಡು ಅಂತಸ್ತು, ಹದಿನಾರು ಮನೆ, ಎಲ್ಲರಿಗೂ ಸೇರಿ ಅಂಗಳದಲ್ಲಿ ಒಂದೇ ನಲ್ಲಿ. ಈಗ ಅಲ್ಲಿ ಯಾರೂ ಇಲ್ಲ, ಗೋಡೆ ಸೀಳಿಕೊಂಡು ಅರಳಿ ಗಿಡ ಬೆಳೆದಿದೆ. ಅದು ಪೂರ್ತಿ ಬೀಳುವ ಮುಂಚೆ ಅದರ ಕಥೆ ಬರೆದಿಡಬೇಕೆಂದು ಎರಡು ವರ್ಷ ಓಡಾಡಿದೆ. ನಿಮ್ಮೂರಲ್ಲೂ ಅಂಥದ್ದಿದ್ದರೆ ಹೀಗೆ ಮಾಡಿ.

ಮೊದಲು ಕಚೇರಿಗಲ್ಲ, ಕಟ್ಟಡಕ್ಕೇ ಹೋಗಿ. ಒಪ್ಪಿಗೆ ಪಡೆದು, ಹಗಲು ಹೊತ್ತಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು. ಮಹಡಿ ಮೆಟ್ಟಿಲು ಹತ್ತಲೇಬೇಡಿ. ಕೆಳಗೆ ಬಿದ್ದಿರುವ ಮಂಗಳೂರು ಹೆಂಚನ್ನು ಮಗುಚಿ, ಮಣ್ಣು ಒರೆಸಿ ನೋಡಿ. ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆಗಳು ಮೊದಲ ಮಹಾಯುದ್ಧದ ಬೆನ್ನಿಗೆ ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟಿನದಾದವು. ಹಾಗಾಗಿ ಹೆಸರೇ ಕಾಲ ಹೇಳುತ್ತದೆ. ಆದರೆ ಹಳೇ ಹೆಂಚನ್ನು ಹೊಸ ಮನೆಗೆ ಹೊದಿಸುವುದೂ ಉಂಟು, ಅದೊಂದನ್ನೇ ನಂಬಬೇಡಿ. ಮೀಟರ್ ಹಲಗೆಯ ಮೇಲೆ ಬರೆದ ಆರ್.ಆರ್. ನಂಬರನ್ನೂ (ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ) ಗುರುತು ಹಾಕಿಕೊಳ್ಳಿ. ನಮ್ಮ ಹಲಗೆಯಲ್ಲಿ ಕೆ.ಇ.ಬಿ., ಅಂದರೆ ಕರ್ನಾಟಕ ವಿದ್ಯುತ್ ಮಂಡಳಿ, ಎಂದಿತ್ತು. ಆ ಮಂಡಳಿ 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಆಯಿತು, ಅಂದರೆ ಸಂಪರ್ಕ ಅದಕ್ಕೂ ಹಳೆಯದು.

ಇನ್ನು ಕಾಗದಪತ್ರ. ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದದ್ದು 1933ರಲ್ಲಿ, ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಹಿಂದಿನ ಕಡತ ಬೇಕಿದ್ದರೆ ಮೈಸೂರು ಜಿಲ್ಲೆಯ ಹೆಸರಲ್ಲಿ ಹುಡುಕಿ. ನಾನಿದನ್ನು ತಿಳಿಯದೆ ಆರು ತಿಂಗಳು ಕಳೆದುಕೊಂಡೆ. ಋಣಭಾರ ಪತ್ರ (ಇ.ಸಿ., ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳ ಪಟ್ಟಿ) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರಿಂದೀಚಿನದು ಸಿಗುತ್ತದೆ. ಹಿಂದಿನದಕ್ಕೆ ಉಪನೋಂದಣಿ ಕಚೇರಿಯ ಪುಸ್ತಕಗಳನ್ನೇ ತೆಗೆಸಬೇಕು. ಮಂಜೂರಾತಿ ನಕ್ಷೆ, ತೆರವಿನ ಆದೇಶಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ.

ಇಷ್ಟಾದರೂ ಬಾಡಿಗೆಗಿದ್ದವರ ಹೆಸರು ಸಿಗುವುದಿಲ್ಲ. ಕಾಗದದಲ್ಲಿ ಇರುವುದು ಜಾಗದ ಒಡೆಯರು. ಅದಕ್ಕೆ ಹೆಂಗಸರನ್ನು ಕೇಳಿ. ಗಂಡಸರು ಪಾಳಿ, ಸಂಬಳ, ಮುಷ್ಕರದ ಮಾತಾಡುತ್ತಾರೆ. ಯಾವ ಮನೆಯಲ್ಲಿ ಯಾರಿದ್ದರು ಅನ್ನೋದು ನಲ್ಲಿ ಮುಂದೆ ಬಿಂದಿಗೆ ಸಾಲಿಟ್ಟವರಿಗೇ ಗೊತ್ತು. ಬರೀ ಬಾಯಲ್ಲಿ ಕೇಳಬೇಡಿ, ಕೈಗೆ ಏನಾದರೂ ಕೊಡಿ. ನಮ್ಮ ಪಕ್ಕದ ಮನೆಯ ಅಜ್ಜಿಯ ಮುಂದೆ ಮೊರದ ತುಂಬ ಅವರೆಕಾಳಿತ್ತು. ಅದರಿಂದಲೇ ಹದಿನಾರು ಕಾಳು ಆರಿಸಿ, ಎಂಟೆಂಟರ ಎರಡು ಸಾಲು ಜೋಡಿಸಿ, ಒಂದೊಂದನ್ನೇ ಮುಟ್ಟುತ್ತಾ ಹೆಸರು ಹೇಳುತ್ತಾ ಹೋದರು. ಕೆಳಸಾಲಿನ ಕೊನೇ ಕಾಳಿಗೆ ಬಂದು ಬೆರಳು ನಿಲ್ಲಿಸಿ, ‘ಇದು ನಿಮ್ಮವ್ವಂದು’ ಅಂದರು.